ಸೈಟ್‌ಗೆ ಜೋಡಿಸಿದ ವಾಟ್ಸಾಪ್, ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಕೈಕೊಟ್ಟಾಗ ತಪ್ಪು ಎಲ್ಲಿದೆ ಅಂತ ಹುಡುಕುವುದು ಹೇಗೆ

ಇಳಕಲ್ ಸೀರೆ ಮಾರುವವರಿರಲಿ, ಸಕಲೇಶಪುರದಲ್ಲಿ ಹೋಮ್‌ಸ್ಟೇ ನಡೆಸುವವರಿರಲಿ, ಚನ್ನಪಟ್ಟಣದ ಗೊಂಬೆಗಳನ್ನು ಕೊರಿಯರ್‌ನಲ್ಲಿ ಕಳಿಸುವವರಿರಲಿ, ಫೋನ್ ಮಾಡಿ ಹೇಳುವುದು ಒಂದೇ ಮಾತು: "ವೆಬ್‌ಸೈಟ್ ಕೆಟ್ಟಿದೆ, ಸ್ವಲ್ಪ ನೋಡಿ." ಬಿಡಿಸಿ ಕೇಳಿದರೆ ಸೈಟ್ ಚೆನ್ನಾಗೇ ಇರುತ್ತದೆ. ವಾಟ್ಸಾಪ್‌ನಲ್ಲಿ ಲಿಂಕ್ ಹಾಕಿದರೆ ಫೋಟೊ ಬರುತ್ತಿಲ್ಲ, ಇಲ್ಲಾ ಮುಖಪುಟದ ಇನ್‌ಸ್ಟಾಗ್ರಾಮ್ ಫೋಟೊಗಳ ಜಾಗ ಖಾಲಿ ಹೊಡೀತಿದೆ, ಇಲ್ಲಾ ವಾಟ್ಸಾಪ್‌ನ ಹಸಿರು ಬಟನ್ ಒತ್ತಿದರೆ ನಂಬರ್ ತಪ್ಪು ಅಂತ ಬರುತ್ತಿದೆ. ಇದನ್ನು ಕೇಳಿದ ಕೂಡಲೇ ಜಾಸ್ತಿ ಜನ ಮಾಡುವ ಕೆಲಸ ಪ್ಲಗಿನ್ (ಸೈಟ್‌ಗೆ ಸೇರಿಸುವ ಚಿಕ್ಕ ಸಾಫ್ಟ್‌ವೇರ್) ಕಿತ್ತು ಇನ್ನೊಂದು ಹಾಕುವುದು. ಅದನ್ನು ಮಾಡಬೇಡಿ. ಹಳೇ ಸೆಟ್ಟಿಂಗ್ ಹೋಗುತ್ತದೆ, ದೋಷ ಅಲ್ಲೇ ಉಳಿಯುತ್ತದೆ, ಮತ್ತೆ ಹುಡುಕಲು ಸುಳಿವೂ ಇರುವುದಿಲ್ಲ.

ಮೊದಲು ತಿಳಿಯಬೇಕಾದ್ದು ತಪ್ಪು ಮೂರು ಜಾಗಗಳಲ್ಲಿ ಎಲ್ಲಿದೆ ಅಂತ. ನಿಮ್ಮ ಸೈಟ್‌ನಲ್ಲಾ, ಫೇಸ್‌ಬುಕ್, ವಾಟ್ಸಾಪ್‌ನಂಥ ಕಂಪನಿಯ ಕಡೆಯಲ್ಲಾ, ಅಥವಾ ನೋಡುವವರ ಫೋನ್‌ನಲ್ಲಾ? ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಮೂರರಲ್ಲಿ ಯಾವುದು ಅಂತ ತಿಳಿಯದೆ ಕೈ ಹಾಕಿದರೆ ಇಡೀ ದಿನ ಹೋಗುತ್ತದೆ.

ಮೊದಲು ಲಾಗೌಟ್ ಆಗಿ ನೋಡಿ

ಅಂಗಡಿ ಮಾಲೀಕರು ತಮ್ಮ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಎರಡಕ್ಕೂ ಯಾವಾಗಲೂ ಲಾಗಿನ್ ಆಗೇ ಇರುತ್ತಾರೆ. ಸೈಟ್ ನಡೆಸುವ ವರ್ಡ್‌ಪ್ರೆಸ್ ಸಾಫ್ಟ್‌ವೇರ್ ಇದ್ದರೆ ಅದಕ್ಕೂ. ಹಾಗಾಗಿ ಅವರಿಗೆ ಎಲ್ಲಾ ಸರಿಯಾಗಿ ಕಾಣುತ್ತದೆ, ಗಿರಾಕಿಗೆ ಕಾಣುವುದಿಲ್ಲ. ಕೆಲವು ಸಲ ಇದರ ಉಲ್ಟಾ: ಮಾಲೀಕರ ಕಂಪ್ಯೂಟರ್‌ನಲ್ಲಿ ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಇರುತ್ತದೆ, ಅದು ಸೈಟ್‌ನಲ್ಲಿ ಫೇಸ್‌ಬುಕ್ ಪೇಜ್ ತೋರಿಸುವ ಬಾಕ್ಸನ್ನು ನುಂಗಿರುತ್ತದೆ, ಊರಿಗೆಲ್ಲಾ ಕಾಣುವುದು ಅವರೊಬ್ಬರಿಗೆ ಮಾತ್ರ ಕಾಣುವುದಿಲ್ಲ.

ಆದ್ದರಿಂದ ಮೊದಲು ಇನ್‌ಕಾಗ್ನಿಟೊ ವಿಂಡೋದಲ್ಲಿ (ಬ್ರೌಸರ್‌ನ ಯಾವ ಲಾಗಿನ್ನೂ ಇಲ್ಲದ ಖಾಸಗಿ ವಿಂಡೋ) ಸೈಟ್ ತೆಗೆಯಿರಿ. ಆಮೇಲೆ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಇನ್ನೊಬ್ಬರ ಫೋನ್‌ನಿಂದ ತೆಗೆಯಿರಿ. ಮಾಮೂಲಿ ವಿಂಡೋ ಸೇರಿ ಮೂರು ಕಡೆಯೂ ಒಂದೇ ತೊಂದರೆ ಇದ್ದರೆ ಅದು ಸೈಟ್‌ನದ್ದು ಅಥವಾ ಕಂಪನಿಯದ್ದು. ಒಂದು ಕಡೆ ಮಾತ್ರ ಇದ್ದರೆ ಆ ಫೋನ್‌ನದ್ದು, ಅಥವಾ ಆ ಲಾಗಿನ್‌ನದ್ದು.

ಕಂಪ್ಯೂಟರ್ ಇದ್ದರೆ ಎಫ್12 ಒತ್ತಿ ಕನ್ಸೋಲ್ (ಬ್ರೌಸರ್ ತಪ್ಪುಗಳನ್ನು ಬರೆದು ತೋರಿಸುವ ಜಾಗ) ನೋಡಿ. ಅಲ್ಲಿನ ಕೆಂಪು ಸಾಲುಗಳನ್ನು ನೋಡಿ ಹೆದರಬೇಕಿಲ್ಲ, ಎರಡು ಮಾತು ಗುರುತಿಸಿದರೆ ಸಾಕು. 'ಬ್ಲಾಕ್ಡ್ ಬೈ ಕ್ಲೈಂಟ್' ಅಂತ ಇದ್ದರೆ ತಡೆಯುತ್ತಿರುವುದು ನಿಮ್ಮದೇ ಬ್ರೌಸರ್‌ನ ಎಕ್ಸ್‌ಟೆನ್ಶನ್, ಸೈಟ್‌ನ ತಪ್ಪೇನಿಲ್ಲ. 'ಕಂಟೆಂಟ್ ಸೆಕ್ಯುರಿಟಿ ಪಾಲಿಸಿ' ಅಂತ ಇದ್ದರೆ ನಿಮ್ಮ ಸೈಟೇ ಹೊರಗಿನ ಸ್ಕ್ರಿಪ್ಟನ್ನು ಬಾಗಿಲಲ್ಲೇ ನಿಲ್ಲಿಸುತ್ತಿದೆ. ಸೆಕ್ಯುರಿಟಿ ಪ್ಲಗಿನ್ ಹಾಕಿದ ಮಾರನೇ ದಿನವೇ ಯೂಟ್ಯೂಬ್ ವಿಡಿಯೊ, ಫೇಸ್‌ಬುಕ್ ಬಾಕ್ಸ್ ಎರಡೂ ಒಟ್ಟಿಗೆ ಮಾಯವಾದರೆ ಹೆಚ್ಚಾಗಿ ಇದೇ ಕಾರಣ. ಆ ಪಾಲಿಸಿಯಲ್ಲಿ ಯೂಟ್ಯೂಬ್ ಮತ್ತು ಫೇಸ್‌ಬುಕ್‌ನ ವಿಳಾಸಗಳಿಗೆ ಅನುಮತಿ ಕೊಡಬೇಕು, ಸ್ಕ್ರಿಪ್ಟ್‌ಗೆ ಬೇರೆ, ಫ್ರೇಮ್‌ಗೆ (ಪುಟದೊಳಗೆ ಬೇರೆ ಸೈಟ್ ತೋರಿಸುವ ಚೌಕಟ್ಟು) ಬೇರೆ. ಕುಕೀ ಒಪ್ಪಿಗೆ ಕೇಳುವ ಪಟ್ಟಿಯನ್ನು ಹೊಸದಾಗಿ ಹಾಕಿದ್ದರೆ ಅದನ್ನೂ ನೋಡಿ. ಗಿರಾಕಿ 'ಒಪ್ಪಿದೆ' ಅಂತ ಒತ್ತುವವರೆಗೆ ಅದು ಇವನ್ನೆಲ್ಲ ತಡೆದಿಟ್ಟಿರುತ್ತದೆ.

ವಾಟ್ಸಾಪ್‌ನಲ್ಲಿ ಲಿಂಕ್ ಹಾಕಿದರೆ ಫೋಟೊ, ಹೆಸರು ಬರುತ್ತಿಲ್ಲ

ಇದನ್ನು ಸ್ವಲ್ಪ ಉದ್ದವಾಗೇ ಬರೀತೀನಿ. ನಮ್ಮ ಕಡೆ ವ್ಯಾಪಾರ ಹಬ್ಬುವುದೇ ವಾಟ್ಸಾಪ್ ಗ್ರೂಪ್‌ಗಳಲ್ಲಿ. ಫೋಟೊ ಇಲ್ಲದ ಬೋಳು ಲಿಂಕನ್ನು ಜನ ಒತ್ತುವುದು ಕಡಿಮೆ. ಒಂದಷ್ಟು ಜನ ಅದನ್ನು ಮೋಸದ ಲಿಂಕ್ ಅಂದುಕೊಂಡು ಅಳಿಸಿಯೂ ಬಿಡುತ್ತಾರೆ.

ಲಿಂಕ್ ಜೊತೆ ಬರುವ ಈ ಫೋಟೊ, ಹೆಸರಿಗೆ ಪ್ರಿವ್ಯೂ ಅನ್ನುತ್ತಾರೆ. ಅದು ಹೇಗೆ ಬರುತ್ತದೆ ಅಂತ ತಿಳಿದರೆ ತಪ್ಪು ಹುಡುಕುವುದು ಸುಲಭ. ಪುಟದ ತಲೆಭಾಗದಲ್ಲಿ, ಜನರ ಕಣ್ಣಿಗೆ ಕಾಣದ ಹಾಗೆ, ಓಪನ್ ಗ್ರಾಫ್ ಅನ್ನುವ ಟ್ಯಾಗ್‌ಗಳು ಇರುತ್ತವೆ. ಫೇಸ್‌ಬುಕ್ ಇದನ್ನು 2010ರಲ್ಲಿ ತಂದಿತು, ಈಗ ವಾಟ್ಸಾಪ್, ಲಿಂಕ್ಡ್‌ಇನ್, ಟೆಲಿಗ್ರಾಮ್ ಎಲ್ಲವೂ ಅದನ್ನೇ ಓದುತ್ತವೆ. ಮುಖ್ಯವಾದವು ನಾಲ್ಕು: ಹೆಸರು, ಬಗೆ, ಚಿತ್ರ, ವಿಳಾಸ. ಫೇಸ್‌ಬುಕ್ ಮತ್ತು ಲಿಂಕ್ಡ್‌ಇನ್ ತಮ್ಮ ಸರ್ವರ್‌ನಿಂದ ಒಂದು ಬಾಟ್ (ತಾನೇ ಪುಟ ಓದುವ ಪ್ರೋಗ್ರಾಂ) ಕಳಿಸಿ ಇದನ್ನು ಓದಿಸುತ್ತವೆ. ವಾಟ್ಸಾಪ್ ಹಾಗಲ್ಲ, ಲಿಂಕ್ ಕಳಿಸುವವರ ಫೋನೇ ನಿಮ್ಮ ಸೈಟ್‌ಗೆ ಹೋಗಿ ಓದಿಕೊಂಡು ಬರುತ್ತದೆ. ಈ ವ್ಯತ್ಯಾಸ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಎಲ್ಲಕ್ಕಿಂತ ಮೊದಲು ಕಳಿಸುವ ಕೈಯನ್ನು ನೋಡಿ. ಲಿಂಕ್ ಪೇಸ್ಟ್ ಮಾಡಿದ ಕೂಡಲೇ ಕಳಿಸುವ ಗುಂಡಿ ಒತ್ತಿದರೆ ಫೋನ್‌ಗೆ ಓದಿಕೊಂಡು ಬರಲು ಸಮಯವೇ ಸಿಗುವುದಿಲ್ಲ. ಪೇಸ್ಟ್ ಮಾಡಿ, ಮೇಲೆ ಫೋಟೊ ಮೂಡುವ ತನಕ ಕಾಯಿರಿ, ಆಮೇಲೆ ಕಳಿಸಿ. ವಾಟ್ಸಾಪ್‌ನ ಪ್ರೈವೆಸಿ ಸೆಟ್ಟಿಂಗ್‌ನ ಅಡ್ವಾನ್ಸ್ಡ್ ಭಾಗದಲ್ಲಿ ಲಿಂಕ್ ಪ್ರಿವ್ಯೂ ಬೇಡ ಅನ್ನುವ ಆಯ್ಕೆಯೂ ಇದೆ. ಅದು ಆನ್ ಆಗಿದ್ದರೆ ನಿಮ್ಮ ಸೈಟ್‌ನಲ್ಲಿ ಏನು ಮಾಡಿದರೂ ಆ ಫೋನ್‌ನಿಂದ ಫೋಟೊ ಹೋಗುವುದಿಲ್ಲ.

ಅದಲ್ಲದಿದ್ದರೆ ಪುಟದ ಸೋರ್ಸ್ ತೆಗೆಯಿರಿ. ಕಂಪ್ಯೂಟರ್‌ನಲ್ಲಿ ಪುಟದ ಮೇಲೆ ರೈಟ್ ಕ್ಲಿಕ್ ಮಾಡಿ 'ವ್ಯೂ ಪೇಜ್ ಸೋರ್ಸ್' ಒತ್ತಿ, 'ಓಜಿ:ಇಮೇಜ್' (og:image, ಓಜಿ ಅಂದರೆ ಓಪನ್ ಗ್ರಾಫ್) ಅಂತ ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿ. ಸಿಗಲಿಲ್ಲ ಅಂದರೆ ಟ್ಯಾಗೇ ಇಲ್ಲ. ಎಸ್‌ಇಒ ಪ್ಲಗಿನ್‌ನಲ್ಲಿ (ಗೂಗಲ್‌ನಂಥ ಕಡೆ ಸೈಟ್ ಸಿಗುವಂತೆ ಮಾಡುವ ಪ್ಲಗಿನ್) ಸೋಷಿಯಲ್ ಭಾಗ ಆನ್ ಮಾಡಿದರೆ ಬರುತ್ತದೆ. ಇಲ್ಲೊಂದು ಗೊಂದಲ ಆಗುತ್ತದೆ ನೋಡಿ. 'ಇನ್‌ಸ್ಪೆಕ್ಟ್' ಒತ್ತಿ ನೋಡಿದಾಗ ಟ್ಯಾಗ್ ಇರುತ್ತದೆ, 'ವ್ಯೂ ಪೇಜ್ ಸೋರ್ಸ್' ಒತ್ತಿದಾಗ ಇರುವುದಿಲ್ಲ. ಹಾಗಾದರೆ ಸೈಟ್‌ನ ಜಾವಾಸ್ಕ್ರಿಪ್ಟ್ (ಪುಟ ತೆರೆದ ಮೇಲೆ ಬ್ರೌಸರ್‌ನಲ್ಲಿ ಓಡುವ ಕೋಡ್) ಆ ಟ್ಯಾಗನ್ನು ಆಮೇಲೆ ತುಂಬುತ್ತಿದೆ ಅಂತ ಅರ್ಥ. ಪ್ರಿವ್ಯೂಗೆ ಬರುವ ಬಾಟ್ ಆಗಲಿ, ವಾಟ್ಸಾಪ್ ಆಗಲಿ ಜಾವಾಸ್ಕ್ರಿಪ್ಟ್ ಓಡಿಸುವುದಿಲ್ಲ, ಸರ್ವರ್ ಕೊಟ್ಟ ಮೊದಲ ಹಾಳೆಯನ್ನಷ್ಟೇ ಓದಿ ಹೋಗುತ್ತವೆ. ಜಾವಾಸ್ಕ್ರಿಪ್ಟ್‌ನ ರಿಯಾಕ್ಟ್ ಅನ್ನುವ ಸಾಧನದಲ್ಲಿ ಮಾಡಿಸಿದ ಸೈಟ್‌ಗಳಲ್ಲಿ ಎಲ್ಲಾ ಸೀರೆಗೂ ಒಂದೇ ಹೆಸರು, ಒಂದೇ ಲೋಗೊ ಬರುವುದು ಇದಕ್ಕೇ. ಮಾಡಿಕೊಟ್ಟವರಿಗೆ ಸರ್ವರ್ ಕಡೆಯಿಂದಲೇ ಟ್ಯಾಗ್ ಬರುವ ಹಾಗೆ ಮಾಡಿ ಅಂತ ಹೇಳಬೇಕು. ಬೇರೆ ಅಡ್ಡದಾರಿ ಇಲ್ಲ.

ಟ್ಯಾಗ್ ಇದೆ, ಚಿತ್ರ ಮಾತ್ರ ಬರುತ್ತಿಲ್ಲ ಅಂದರೆ ಚಿತ್ರದ ವಿಳಾಸವನ್ನು ಕಾಪಿ ಮಾಡಿ ಇನ್‌ಕಾಗ್ನಿಟೊದಲ್ಲಿ ತೆಗೆಯಿರಿ. ವಿಳಾಸ ಎಚ್‌ಟಿಟಿಪಿಎಸ್‌ನಿಂದ ಶುರುವಾಗಿ ಪೂರ್ತಿ ಇರಬೇಕು, ಬರೀ ಫೋಲ್ಡರ್ ಹೆಸರಿನಿಂದ ಶುರುವಾದರೆ ಬಾಟ್‌ಗೆ ಅದು ಯಾವ ಸೈಟ್‌ನದ್ದು ಅಂತ ತಿಳಿಯದೇ ಹೋಗಬಹುದು. ಎಸ್‌ವಿಜಿ ಲೋಗೊ ನಡೆಯುವುದಿಲ್ಲ, ಜೆಪೆಗ್ ಅಥವಾ ಪಿಎನ್‌ಜಿ ಕೊಡಿ. ಅಳತೆ 1200 ಅಗಲ, 630 ಎತ್ತರ ಇದ್ದರೆ ಎಲ್ಲಾ ಕಡೆ ಹೊಂದುತ್ತದೆ. ಫೇಸ್‌ಬುಕ್‌ಗೆ ಕನಿಷ್ಠ 200 ಪಿಕ್ಸೆಲ್ ಅಗಲ, 200 ಎತ್ತರವಾದರೂ ಬೇಕು. ಇನ್ನು ತೂಕ. ಫೋನ್‌ನಲ್ಲಿ ತೆಗೆದ 5 ಎಂಬಿ ಫೋಟೊವನ್ನು ಹಾಗೇ ಏರಿಸಿದರೆ ಫೇಸ್‌ಬುಕ್ ಒಪ್ಪುತ್ತದೆ, ಅದರ ಮಿತಿ 8 ಎಂಬಿ. ವಾಟ್ಸಾಪ್ ಒಪ್ಪುವುದಿಲ್ಲ. ಚಿತ್ರವನ್ನು 300 ಕೆಬಿ ಒಳಗೆ ಇಳಿಸಿಕೊಳ್ಳಿ. ಫೇಸ್‌ಬುಕ್‌ನಲ್ಲಿ ಫೋಟೊ ಬರುತ್ತೆ, ವಾಟ್ಸಾಪ್‌ನಲ್ಲಿ ಮಾತ್ರ ಬರಲ್ಲ ಅನ್ನುವ ದೂರಿಗೆ ನಾನು ಮೊದಲು ನೋಡುವುದೇ ಈ ತೂಕವನ್ನು.

ಇದರ ಉಲ್ಟಾ ದೂರು ಇನ್ನೂ ಸ್ವಾರಸ್ಯದ್ದು. ವಾಟ್ಸಾಪ್‌ನಲ್ಲಿ ಬರುತ್ತದೆ, ಫೇಸ್‌ಬುಕ್, ಲಿಂಕ್ಡ್‌ಇನ್‌ನಲ್ಲಿ ಬರುವುದಿಲ್ಲ. ವಾಟ್ಸಾಪ್‌ಗೆ ನಿಮ್ಮ ಫೋನ್ ಓದುತ್ತದೆ, ಫೇಸ್‌ಬುಕ್‌ಗೆ ಎಲ್ಲೋ ಇರುವ ಸರ್ವರ್ ಓದುತ್ತದೆ ಅಂತ ಹೇಳಿದೆನಲ್ಲ? ಅಂದರೆ ನಿಮ್ಮ ಹೋಸ್ಟಿಂಗ್‌ನ (ಸೈಟ್ ಇಟ್ಟಿರುವ ಸರ್ವರ್) ಫೈರ್‌ವಾಲ್, ಅಂದರೆ ಬೇಡದವರನ್ನು ತಡೆಯುವ ಕಾವಲು, ಆ ಸರ್ವರನ್ನು ಒಳಗೆ ಬಿಡುತ್ತಿಲ್ಲ. ಸ್ಪ್ಯಾಮ್ ಕಾಟ ತಡೆಯಲು ಭಾರತದ ಹೊರಗಿನ ವಿಳಾಸಗಳನ್ನೆಲ್ಲ ಮುಚ್ಚಿದ ಸೈಟ್‌ಗಳಲ್ಲಿ ಇದು ಆಗುತ್ತದೆ. ಬಾಟ್ ತಡೆಯುವ ಸೆಟ್ಟಿಂಗ್ ಆನ್ ಮಾಡಿದಾಗಲೂ ಆಗುತ್ತದೆ, ಯಾಕೆಂದರೆ ಫೇಸ್‌ಬುಕ್‌ನದ್ದೂ ಒಂದು ಬಾಟೇ ಅಲ್ವಾ. ಇದನ್ನು ಖಚಿತ ಮಾಡಿಕೊಳ್ಳಲು ಫೇಸ್‌ಬುಕ್‌ನ ಮಾತೃ ಕಂಪನಿ ಮೆಟಾದ 'ಶೇರಿಂಗ್ ಡೀಬಗರ್' ಇದೆ. ಲಾಗಿನ್ ಆಗಿ ನಿಮ್ಮ ಪುಟದ ವಿಳಾಸ ಹಾಕಿದರೆ ಬಾಟ್‌ಗೆ ಸರ್ವರ್ ಕೊಟ್ಟ ಉತ್ತರದ ನಂಬರ್ ಕಾಣುತ್ತದೆ. 200 ಬಂದರೆ ಬಾಗಿಲು ತೆರೆದಿದೆ. 403 ಬಂದರೆ ಯಾರೋ ತಡೆಯುತ್ತಿದ್ದಾರೆ. ಎಕ್ಸ್ (ಹಿಂದಿನ ಟ್ವಿಟರ್) ಮತ್ತು ಲಿಂಕ್ಡ್‌ಇನ್‌ನ ಬಾಟ್‌ಗಳು ರೋಬೋಟ್ಸ್ ಫೈಲ್‌ನ (ಯಾವ ಬಾಟ್ ಏನು ಓದಬಹುದು ಅಂತ ಸೈಟ್ ಬರೆದಿಡುವ ಫೈಲ್) ಮಾತು ಕೇಳುತ್ತವೆ, ಅದರಲ್ಲಿ ಎಲ್ಲರಿಗೂ ನಿಷೇಧ ಅಂತ ಬರೆದಿದ್ದರೆ ಅವು ಸುಮ್ನೆ ವಾಪಸ್ ಹೋಗುತ್ತವೆ.

ಎಸ್‌ಎಸ್‌ಎಲ್ ಸರ್ಟಿಫಿಕೇಟನ್ನು (ಎಚ್‌ಟಿಟಿಪಿಎಸ್‌ಗೆ ಬೇಕಾದ ಸುರಕ್ಷತಾ ಪತ್ರ) ಅರ್ಧಂಬರ್ಧ ಹಾಕಿದ್ದರೂ ಹೀಗೇ ಆಗುತ್ತದೆ. ನಡುವಿನ ಸರ್ಟಿಫಿಕೇಟ್ ಬಿಟ್ಟುಹೋಗಿದ್ದರೆ ಕ್ರೋಮ್ ಅದನ್ನು ತಾನೇ ಹುಡುಕಿಕೊಂಡು ಸೈಟ್ ತೋರಿಸಬಹುದು, ಬಾಟ್ ಹುಡುಕುವ ಗೋಜಿಗೆ ಹೋಗದೆ ವಾಪಸಾಗುತ್ತದೆ. ಬೀಗದ ಗುರುತು ಕಾಣುತ್ತಿದೆ, ಹಾಗಾಗಿ ಎಸ್‌ಎಸ್‌ಎಲ್ ಸರಿ ಇದೆ ಅಂತ ತೀರ್ಮಾನ ಮಾಡಬೇಡಿ. ಎಸ್‌ಎಸ್‌ಎಲ್ ಪರೀಕ್ಷಿಸುವ ಉಚಿತ ಸೈಟ್‌ಗಳಿವೆ, ಅಲ್ಲಿ ನೋಡಿ.

ಎಲ್ಲಾ ಸರಿಪಡಿಸಿದ ಮೇಲೂ ಹಳೇ ಫೋಟೊನೇ ಬರುತ್ತದೆ. ಇದು ದೋಷವಲ್ಲ, ನೆನಪು. ಫೇಸ್‌ಬುಕ್ ಒಮ್ಮೆ ಓದಿದ್ದನ್ನು ಇಟ್ಟುಕೊಂಡಿರುತ್ತದೆ, ಅದೇ ಡೀಬಗರ್‌ನಲ್ಲಿ 'ಸ್ಕ್ರೇಪ್ ಅಗೇನ್' ಒತ್ತಿದರೆ ಹೊಸದಾಗಿ ಓದುತ್ತದೆ. ಲಿಂಕ್ಡ್‌ಇನ್‌ಗೆ 'ಪೋಸ್ಟ್ ಇನ್‌ಸ್ಪೆಕ್ಟರ್' ಇದೆ. ವಾಟ್ಸಾಪ್‌ಗೆ ಅಂಥ ಗುಂಡಿ ಇಲ್ಲ. ವಿಳಾಸದ ಕೊನೆಗೆ ಪ್ರಶ್ನೆ ಚಿಹ್ನೆ ಹಾಕಿ ಏನಾದರೂ ಒಂದು ಅಕ್ಷರ, ಸಮ ಚಿಹ್ನೆ, ಒಂದು ಅಂಕಿ ಸೇರಿಸಿ ಕಳಿಸಿ ನೋಡಿ. ಫೋನ್ ಅದನ್ನು ಹೊಸ ವಿಳಾಸ ಅಂದುಕೊಂಡು ಮತ್ತೆ ಓದುತ್ತದೆ. ಈಗಾಗಲೇ ಗ್ರೂಪ್‌ಗೆ ಹೋದ ಮೆಸೇಜ್ ಮಾತ್ರ ಬದಲಾಗುವುದಿಲ್ಲ, ಅದನ್ನು ಅಳಿಸಿ ಮತ್ತೆ ಕಳಿಸಬೇಕು. ವೇಗಕ್ಕಾಗಿ ಪುಟದ ಪ್ರತಿ ಇಟ್ಟುಕೊಳ್ಳುವ ನಿಮ್ಮ ಸೈಟ್‌ನ ಕ್ಯಾಶೆ ಪ್ಲಗಿನ್ ಕೂಡ ಹಳೇ ಪುಟವನ್ನೇ ಹಂಚುತ್ತಿರಬಹುದು. ಮೊದಲು ಅದನ್ನು ಖಾಲಿ ಮಾಡಿ, ಆಮೇಲೆ ಡೀಬಗರ್‌ಗೆ ಹೋಗಿ. ಈ ಕ್ರಮ ತಪ್ಪಿದರೆ ಫೇಸ್‌ಬುಕ್ ಹಳೇ ಪುಟವನ್ನೇ ಹೊಸದಾಗಿ ಓದಿಕೊಂಡು ಕೂರುತ್ತದೆ.

ಬೇರೆ ಯಾವುದೋ ಫೋಟೊ ಬರುತ್ತಿದ್ದರೆ ಸೋರ್ಸ್‌ನಲ್ಲಿ ಓಜಿ ಟ್ಯಾಗ್ ಎರಡು ಸಲ ಇದೆಯಾ ನೋಡಿ. ಥೀಮ್ (ಸೈಟ್‌ನ ಸಿದ್ಧ ವಿನ್ಯಾಸ) ಒಂದು ಹಾಕುತ್ತದೆ, ಎಸ್‌ಇಒ ಪ್ಲಗಿನ್ ಇನ್ನೊಂದು ಹಾಕುತ್ತದೆ. ಒಂದನ್ನು ಆಫ್ ಮಾಡಿ. ಹೊಸ ಪುಟವನ್ನು ಮೊದಲ ಸಲ ಹಂಚಿದಾಗ ಮಾತ್ರ ಫೇಸ್‌ಬುಕ್‌ನಲ್ಲಿ ಫೋಟೊ ಬರದೆ ಎರಡನೇ ಸಲ ಬಂದರೆ, ಚಿತ್ರದ ಅಗಲ ಮತ್ತು ಎತ್ತರದ ಟ್ಯಾಗ್‌ಗಳನ್ನೂ ಸೇರಿಸಿ. ಅಳತೆ ಮೊದಲೇ ಗೊತ್ತಿದ್ದರೆ ಅದು ಚಿತ್ರವನ್ನು ಇಳಿಸಿಕೊಂಡು ನೋಡುವ ತನಕ ಕಾಯುವುದಿಲ್ಲ.

ಕನ್ನಡ ಸೈಟ್‌ಗೆ ಬರುವ ಎರಡು ತೊಂದರೆ

ಇಂಗ್ಲಿಷ್‌ನಲ್ಲಿ ಹುಡುಕಿದರೆ ಇವುಗಳ ಬಗ್ಗೆ ಸುಲಭಕ್ಕೆ ಸಿಗುವುದಿಲ್ಲ, ಅದಕ್ಕೇ ಬೇರೆ ಹೇಳ್ತಿದ್ದೀನಿ.

ಒಂದು, ಪ್ರಿವ್ಯೂನಲ್ಲಿ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಪುಟದಲ್ಲಿ ಮಾತ್ರ ಕನ್ನಡ ಚೆನ್ನಾಗೇ ಕಾಣುತ್ತದೆ. ಇದು ನುಡಿ ಅಥವಾ ಬರಹದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿ ತಂದ ಪಠ್ಯ. ಅದು ಒಳಗೆ ಕನ್ನಡವೇ ಅಲ್ಲ. ಇಂಗ್ಲಿಷ್ ಸಂಕೇತಗಳಿಗೆ ಫಾಂಟ್ ಕನ್ನಡದ ವೇಷ ಹಾಕಿರುತ್ತದೆ. ವಾಟ್ಸಾಪ್‌ನಲ್ಲಿ ನಿಮ್ಮ ಫಾಂಟ್ ಇಲ್ಲವಲ್ಲ, ವೇಷ ಕಳಚುತ್ತದೆ. ಪಠ್ಯವನ್ನು ಯೂನಿಕೋಡ್‌ಗೆ (ಎಲ್ಲಾ ಫೋನ್, ಕಂಪ್ಯೂಟರ್ ಓದುವ ಅಕ್ಷರ ಸಂಕೇತ) ಬದಲಿಸಲೇಬೇಕು. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಆದರೆ ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿ. ಇದರಿಂದ ಪ್ರಿವ್ಯೂ ಸರಿಹೋಗುವುದು ಮಾತ್ರವಲ್ಲ, ಗೂಗಲ್‌ನಲ್ಲಿ ಕನ್ನಡದಲ್ಲಿ ಹುಡುಕುವವರಿಗೆ ನಿಮ್ಮ ಸೈಟ್ ಸಿಗಲು ಶುರುವಾಗುತ್ತದೆ.

ಇನ್ನೊಂದು, ಲಿಂಕ್ ಮಾರುದ್ದ ಶೇಕಡಾ ಚಿಹ್ನೆಗಳ ಸರಪಳಿ ಆಗುವುದು. ಪುಟದ ವಿಳಾಸ ಕನ್ನಡದಲ್ಲಿದ್ದರೆ ಕಾಪಿ ಮಾಡುವಾಗ ಒಂದೊಂದು ಯೂನಿಕೋಡ್ ಸಂಕೇತವೂ 9 ಅಕ್ಷರವಾಗಿ ಹಿಗ್ಗುತ್ತದೆ. 'ಕ' ಅಂದರೆ 9, 'ಕಿ' ಅಂದರೆ 18, ಗುಡಿಸೂ ಒಂದು ಸಂಕೇತವಾದ್ದರಿಂದ. ವರ್ಡ್‌ಪ್ರೆಸ್ ಈ ಭಾಗಕ್ಕೆ 200 ಅಕ್ಷರದ ಮಿತಿ ಇಟ್ಟಿದೆ, ಹಾಗಾಗಿ ಸುಮಾರು 22 ಸಂಕೇತ ಆದ ಕೂಡಲೇ ಹೆಸರನ್ನು ನಡುವೆಯೇ ಕತ್ತರಿಸುತ್ತದೆ. ಅಷ್ಟುದ್ದದ ಲಿಂಕ್ ಎಸ್‌ಎಂಎಸ್‌ನಲ್ಲಿ, ಇಮೇಲ್‌ನಲ್ಲಿ ಸಾಲು ಮುರಿದು ಅರ್ಧ ಮಾತ್ರ ಒತ್ತುವ ಹಾಗಾಗುತ್ತದೆ, ಗಿರಾಕಿಗೆ 'ಪುಟ ಇಲ್ಲ' ಅನ್ನುವ 404 ಪುಟ ಸಿಗುತ್ತದೆ. ವಿಳಾಸವನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಇಟ್ಟು, ಹೆಸರು, ವಿವರಣೆ ಎಲ್ಲಾ ಕನ್ನಡದಲ್ಲೇ ಇಡಿ. ಜನರಿಗೆ ಕಾಣುವುದು ಹೆಸರು, ಅದು ಕನ್ನಡದಲ್ಲಿರುವುದು ಮುಖ್ಯ. ಹಳೇ ವಿಳಾಸಗಳನ್ನು ಬದಲಿಸಿದರೆ 301 ರೀಡೈರೆಕ್ಟ್ (ಹಳೇ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ಸೂಚನೆ) ಹಾಕುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಮೊದಲು ಹಂಚಿದ ಲಿಂಕ್‌ಗಳೆಲ್ಲ ಸಾಯುತ್ತವೆ.

ವಾಟ್ಸಾಪ್ ಬಟನ್ ಒತ್ತಿದರೆ ಚಾಟ್ ತೆರೆಯುತ್ತಿಲ್ಲ

ನಂಬರ್ ಬರೆದ ರೀತಿ ನೋಡಿ. ವಾಟ್ಸಾಪ್‌ನ ಚಿಕ್ಕ ಲಿಂಕ್‌ನಲ್ಲಿ (wa.me) ದೇಶದ ಸಂಖ್ಯೆ ಸೇರಿ ಬರೀ ಅಂಕಿಗಳಿರಬೇಕು. ಕೂಡಿಸುವ ಚಿಹ್ನೆ ಬೇಡ, ಮುಂದಿನ ಸೊನ್ನೆ ಬೇಡ, ನಡುವೆ ಜಾಗ, ಅಡ್ಡಗೆರೆ, ಆವರಣ ಯಾವುದೂ ಬೇಡ. ನಮ್ಮ ಮೊಬೈಲ್ ನಂಬರ್ ಆದರೆ 91 ಸೇರಿ ಸರಿಯಾಗಿ 12 ಅಂಕಿ ಬರಬೇಕು. ಎಣಿಸಿ ನೋಡಿ. 91 ಇಲ್ಲದೆ ಹಾಕಿದರೆ ಮೊದಲ ಅಂಕಿಗಳೇ ಬೇರೆ ದೇಶದ ಸಂಖ್ಯೆ ಅಂತ ಆಗಿಬಿಡುತ್ತದೆ.

ಮೊದಲೇ ಬರೆದಿಟ್ಟ ಸಂದೇಶ ಅರ್ಧಕ್ಕೇ ನಿಂತರೆ ಅದರಲ್ಲಿ ಆಂಪರ್‌ಸೆಂಡ್ ಚಿಹ್ನೆ (&) ಅಥವಾ ಹ್ಯಾಶ್ (#) ಇದೆ. ಸೀರೆ, ಬ್ಲೌಸ್ ಪೀಸ್ ಎರಡರ ನಡುವೆ 'ಮತ್ತು' ಬದಲು ಆ ಚಿಹ್ನೆ ಹಾಕಿದ್ದರೆ, ಅಲ್ಲಿಗೆ ಸಂದೇಶ ಮುಗಿಯಿತು ಅಂತ ಬ್ರೌಸರ್ ತಿಳಿಯುತ್ತದೆ. ಕನ್ನಡ ಅಕ್ಷರಗಳನ್ನು ಬ್ರೌಸರ್ ತಾನೇ ಸಂಕೇತಕ್ಕೆ ಬದಲಿಸಿಕೊಳ್ಳುತ್ತದೆ, ಈ ಚಿಹ್ನೆಗಳನ್ನು ಮಾತ್ರ ನೀವೇ ಬದಲಿಸಬೇಕು. ಸುಲಭದ ದಾರಿ, 'ಮತ್ತು' ಅಂತಲೇ ಬರೆಯುವುದು.

ಬಟನ್ ಒತ್ತಿದರೆ ಏನೂ ಆಗುತ್ತಿಲ್ಲವಾ? ಕುಕೀ ಪಟ್ಟಿಯೋ ಇನ್ನೊಂದು ಚಾಟ್ ಬಟನ್ನೋ ಅದರ ಮೇಲೆ ಕಾಣದಂತೆ ಕೂತಿರಬಹುದು. ಚಿಕ್ಕ ಪರದೆಯ ಫೋನ್‌ನಲ್ಲೇ ಪರೀಕ್ಷಿಸಿ. ಮತ್ತೆ, ಚಾಟ್ ತೆರೆದರೆ ಸಾಲದು, ಒಂದು ಮೆಸೇಜ್ ಕಳಿಸಿ ಅದು ಅಂಗಡಿಯ ಯಾರ ಕೈಗೆ ಬಂತು ಅಂತ ಕೇಳಿ. ನಂಬರ್ ಬದಲಾಗಿ, ಕೆಲಸ ಬಿಟ್ಟವರ ಫೋನ್‌ಗೆ ಆರ್ಡರ್ ಹೋಗುತ್ತಿರುವುದು ಈ ಪರೀಕ್ಷೆಯಲ್ಲಿ ಮಾತ್ರ ಗೊತ್ತಾಗುತ್ತದೆ. ಗಿರಾಕಿ ಅಲ್ಲಿ ಉತ್ತರಕ್ಕೆ ಕಾಯುತ್ತಾ ಇರುತ್ತಾರೆ, ಅವರಿಗೆ ಕಾರಣ ಗೊತ್ತಾಗುವುದೇ ಇಲ್ಲ.

ಇನ್‌ಸ್ಟಾಗ್ರಾಮ್ ಫೋಟೊಗಳ ಜಾಗ ಖಾಲಿ

ಯಾವಾಗಿನಿಂದ ಅಂತ ಕೇಳಿ. ಉತ್ತರದಲ್ಲೇ ಕಾರಣ ಇರುತ್ತದೆ.

2024ರ ಡಿಸೆಂಬರ್ ಸುಮಾರಿಗೆ ನಿಂತಿದ್ದು, ಆಮೇಲೆ ಯಾರೂ ಗಮನಿಸಿಲ್ಲ ಅಂದರೆ, ನಿಮ್ಮ ಪ್ಲಗಿನ್ ಹಳೇ 'ಬೇಸಿಕ್ ಡಿಸ್‌ಪ್ಲೇ ಎಪಿಐ' (ಇನ್‌ಸ್ಟಾಗ್ರಾಮ್‌ನಿಂದ ಫೋಟೊ ತರುವ ದಾರಿ) ನಂಬಿಕೊಂಡಿತ್ತು. ಮೆಟಾ ಅದನ್ನು 2024ರ ಡಿಸೆಂಬರ್ 4ರಂದು ಮುಚ್ಚಿತು. ಪ್ಲಗಿನ್ ಅಪ್‌ಡೇಟ್ ಮಾಡಿ ಖಾತೆಯನ್ನು ಮತ್ತೆ ಜೋಡಿಸಬೇಕು. ಹೊಸ ವ್ಯವಸ್ಥೆಯಲ್ಲಿ ಖಾತೆ ಬಿಸಿನೆಸ್ ಅಥವಾ ಕ್ರಿಯೇಟರ್ ಆಗಿರಲೇಬೇಕು, ಸಾದಾ ವೈಯಕ್ತಿಕ ಖಾತೆಗೆ ಬಾಗಿಲಿಲ್ಲ. ಖಾತೆ ಬದಲಿಸುವುದು ಇನ್‌ಸ್ಟಾಗ್ರಾಮ್ ಸೆಟ್ಟಿಂಗ್‌ನಲ್ಲೇ ಉಚಿತ.

ಪ್ರತಿ ಎರಡು ತಿಂಗಳಿಗೊಮ್ಮೆ ನಿಲ್ಲುತ್ತದೆ, ಮತ್ತೆ ಜೋಡಿಸಿದರೆ ಸರಿಹೋಗುತ್ತದೆ ಅಂದರೆ ಅದು ಟೋಕನ್, ಅಂದರೆ ಫೋಟೊ ತರಲು ಪ್ಲಗಿನ್‌ಗೆ ಕೊಟ್ಟ ಪರವಾನಗಿ ಚೀಟಿ. ಇನ್‌ಸ್ಟಾಗ್ರಾಮ್ ಕೊಡುವ ದೀರ್ಘಾವಧಿ ಟೋಕನ್‌ನ ಆಯಸ್ಸು 60 ದಿನ. ಅಷ್ಟರೊಳಗೆ ಪ್ಲಗಿನ್ ಅದನ್ನು ನವೀಕರಿಸಬೇಕು. ವರ್ಡ್‌ಪ್ರೆಸ್‌ನಲ್ಲಿ ಇಂಥ ಕೆಲಸಗಳನ್ನು ಕ್ರಾನ್ (ನಿಗದಿತ ಸಮಯಕ್ಕೆ ಕೆಲಸ ಓಡಿಸುವ ವ್ಯವಸ್ಥೆ) ಮಾಡುತ್ತದೆ, ಅದು ಓಡುವುದು ಯಾರಾದರೂ ಸೈಟ್‌ಗೆ ಬಂದಾಗ. ವೇಗಕ್ಕಾಗಿ ಅದನ್ನು ಆಫ್ ಮಾಡಿಟ್ಟ ಹೋಸ್ಟಿಂಗ್‌ನಲ್ಲಿ ನವೀಕರಣ ನಡೆಯುವುದೇ ಇಲ್ಲ. ಹೋಸ್ಟಿಂಗ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸರ್ವರ್ ಕ್ರಾನ್ ಹಾಕಿ. ಇದ್ದಕ್ಕಿದ್ದ ಹಾಗೆ ಒಂದು ದಿನ ನಿಂತಿದ್ದರೆ ಅದರ ಹಿಂದಿನ ದಿನ ಯಾರಾದರೂ ಪಾಸ್‌ವರ್ಡ್ ಬದಲಿಸಿದರಾ ಕೇಳಿ. ಪಾಸ್‌ವರ್ಡ್ ಬದಲಾದರೆ ಟೋಕನ್ ಸಾಯುತ್ತದೆ.

ಇದಕ್ಕಿಂತ ಕಷ್ಟದ್ದು, ಜೋಡಣೆಯನ್ನು ಯಾರ ಖಾತೆಯಿಂದ ಮಾಡಿದ್ದರು ಅನ್ನುವುದೇ ಮರೆತಿರುವುದು. ಸೈಟ್ ಮಾಡಿಕೊಟ್ಟ ಹುಡುಗ ತನ್ನ ಫೇಸ್‌ಬುಕ್‌ನಿಂದ ಜೋಡಿಸಿದ್ದ, ಈಗ ಅವನು ಬೇರೆ ಕಡೆ ಕೆಲಸದಲ್ಲಿದ್ದಾನೆ, ಅವನ ಅಡ್ಮಿನ್ ಅಧಿಕಾರ ತೆಗೆದ ದಿನವೇ ಫೋಟೊ ನಿಂತಿತು. ಅಂಗಡಿಯದ್ದೇ ಖಾತೆಯಿಂದ, ಮಾಲೀಕರ ಕೈಯಲ್ಲೇ ಜೋಡಿಸಿ.

ಫೋಟೊ ಇದ್ದ ಜಾಗದಲ್ಲಿ ಮುರಿದ ಚಿತ್ರದ ಗುರುತು ಮಾತ್ರ ಇದ್ದರೆ ಬೇರೆ ಕಾರಣ. ಯಾರೋ ಇನ್‌ಸ್ಟಾಗ್ರಾಮ್ ಫೋಟೊದ ನೇರ ವಿಳಾಸವನ್ನು ಕಾಪಿ ಮಾಡಿ ಸೈಟ್‌ನಲ್ಲಿ ಅಂಟಿಸಿದ್ದಾರೆ. ಆ ವಿಳಾಸಗಳಿಗೆ ಅವಧಿ ಇರುತ್ತದೆ, ಮುಗಿದ ಮೇಲೆ ತೆರೆಯುವುದಿಲ್ಲ. ಫೋಟೊವನ್ನು ನಿಮ್ಮ ಸರ್ವರ್‌ಗೇ ಏರಿಸಬೇಕು.

ನನ್ನ ಅಭಿಪ್ರಾಯ ಕೇಳಿದರೆ, ಚಿಕ್ಕ ವ್ಯಾಪಾರಕ್ಕೆ ಇನ್‌ಸ್ಟಾಗ್ರಾಮ್‌ನಿಂದ ತಾನಾಗೇ ಬರುವ ಈ ಫೀಡ್ ಬೇಕಾಗಿಲ್ಲ. ಒಳ್ಳೆಯ ಆರು ಫೋಟೊ ಆರಿಸಿ ನಿಮ್ಮ ಸೈಟ್‌ನಲ್ಲೇ ಇಡಿ, ಕೆಳಗೆ ಇನ್‌ಸ್ಟಾಗ್ರಾಮ್‌ಗೆ ಒಂದು ಲಿಂಕ್ ಕೊಡಿ. ಪುಟ ಬೇಗ ತೆರೆಯುತ್ತದೆ, ಟೋಕನ್ ಕಾಟ ಇಲ್ಲ. ಸೀರೆಯ ಪಕ್ಕದಲ್ಲೇ ಬೆಲೆ, ಬಣ್ಣ, ಅಳತೆ ಕನ್ನಡದಲ್ಲಿ ಬರೆಯಬಹುದು, ಫೀಡ್‌ನಲ್ಲಿ ಅದಾಗುವುದಿಲ್ಲ.

ಫೇಸ್‌ಬುಕ್ ಬಾಕ್ಸ್, ಲೈಕ್ ಬಟನ್

ಲೈಕ್ ಬಟನ್ ಮತ್ತು ಕಾಮೆಂಟ್ ಪೆಟ್ಟಿಗೆ ಮಾಯವಾಗಿದ್ದರೆ ಹುಡುಕಬೇಡಿ. ಹೊರಗಿನ ಸೈಟ್‌ಗಳಲ್ಲಿ ಈ ಎರಡನ್ನೂ 2026ರ ಫೆಬ್ರವರಿ 10ಕ್ಕೆ ನಿಲ್ಲಿಸುವುದಾಗಿ ಮೆಟಾ 2025ರಲ್ಲೇ ಹೇಳಿತ್ತು. ತಪ್ಪಿನ ಸಂದೇಶ ಏನೂ ಬರುವುದಿಲ್ಲ, ಆ ಜಾಗ ಕಾಣದಷ್ಟು ಚಿಕ್ಕದಾಗುತ್ತದೆ ಅಷ್ಟೆ. ಕೋಡ್ ತೆಗೆದುಹಾಕಿ.

ಪೇಜ್ ಬಾಕ್ಸ್ ನಿಮಗೆ ಕಾಣುತ್ತದೆ, ಲಾಗೌಟ್ ಆದವರಿಗೆ ಕಾಣುವುದಿಲ್ಲ ಅಂದರೆ ಪೇಜ್‌ನ ಸೆಟ್ಟಿಂಗ್‌ನಲ್ಲಿ ವಯಸ್ಸು ಅಥವಾ ದೇಶದ ನಿರ್ಬಂಧ ಇದೆ. ಅದನ್ನು ತೆಗೆಯಿರಿ. ಬಾಕ್ಸನ್ನು ಟ್ಯಾಬ್ ಒಳಗೆ ಮುಚ್ಚಿಟ್ಟಿದ್ದರೆ, ತೆರೆದಾಗ ಖಾಲಿ ಬರಬಹುದು. ಮುಚ್ಚಿದ್ದಾಗ ಅದಕ್ಕೆ ಸಿಕ್ಕ ಅಗಲ ಸೊನ್ನೆ, ಹಾಗಾಗಿ. ಅದರ ಅಗಲ 180ರಿಂದ 500 ಪಿಕ್ಸೆಲ್ ಒಳಗಿರಬೇಕು, ಅದಕ್ಕಿಂತ ಅಗಲದ ಜಾಗ ಕೊಟ್ಟರೂ ಅದು ಹಿಗ್ಗುವುದಿಲ್ಲ. ಫೈರ್‌ಫಾಕ್ಸ್‌ನ ಕಟ್ಟುನಿಟ್ಟಿನ ಮೋಡ್ ಮತ್ತು ಬ್ರೇವ್ ಬ್ರೌಸರ್‌ಗಳು ಇಂಥ ಬಾಕ್ಸ್‌ಗಳನ್ನು ತಡೆಯಬಹುದು. ಅದು ನೋಡುವವರ ಆಯ್ಕೆ, ಅದನ್ನು ಮುರಿಯಲು ಹೋಗಬೇಡಿ. ಪಕ್ಕದಲ್ಲಿ ಸಾದಾ ಲಿಂಕ್ ಒಂದಿದ್ದರೆ ಅವರಿಗೂ ದಾರಿ ಇರುತ್ತದೆ.

ಯೂಟ್ಯೂಬ್ ವಿಡಿಯೊ

'ರಿಫ್ಯೂಸ್ಡ್ ಟು ಕನೆಕ್ಟ್' ಅಂತ ಬಂದರೆ ನೋಡುವ ಪುಟದ ವಿಳಾಸವನ್ನೇ ಫ್ರೇಮ್‌ಗೆ ಹಾಕಿದ್ದೀರಿ. ಆ ಪುಟವನ್ನು ಬೇರೆ ಸೈಟ್ ಒಳಗೆ ತೋರಿಸಲು ಯೂಟ್ಯೂಬ್ ಬಿಡುವುದಿಲ್ಲ. ವಿಡಿಯೊ ಕೆಳಗಿನ ಶೇರ್, ಆಮೇಲೆ ಎಂಬೆಡ್ ಒತ್ತಿ ಸಿಗುವ ಕೋಡ್ ಹಾಕಿ. 'ಎರರ್ 153' ಬಂದರೆ ನಿಮ್ಮ ಸೈಟ್ ತನ್ನ ಗುರುತು ಹೇಳುತ್ತಿಲ್ಲ. ಯಾವ ಸೈಟ್‌ನಿಂದ ವಿಡಿಯೊ ಕೇಳುತ್ತಿದ್ದಾರೆ ಅನ್ನುವ ರೆಫರರ್ ಮಾಹಿತಿ ಯೂಟ್ಯೂಬ್‌ಗೆ ಬೇಕು. ಸೆಕ್ಯುರಿಟಿ ಪ್ಲಗಿನ್ 'ನೋ ರೆಫರರ್' ಅಂತ ಇಟ್ಟಿದ್ದರೆ ಅದನ್ನು 'ಸ್ಟ್ರಿಕ್ಟ್ ಒರಿಜಿನ್ ವೆನ್ ಕ್ರಾಸ್ ಒರಿಜಿನ್' ಅಂತ ಬದಲಿಸಿ. 101 ಅಥವಾ 150 ಬಂದರೆ ವಿಡಿಯೊ ಹಾಕಿದವರೇ ಎಂಬೆಡ್ ಬೇಡ ಅಂದಿದ್ದಾರೆ, ಅದು ನಿಮ್ಮದೇ ಚಾನೆಲ್ ಆದರೆ ಯೂಟ್ಯೂಬ್ ಸ್ಟುಡಿಯೊದಲ್ಲಿ ಅನುಮತಿ ಕೊಡಬಹುದು.

ಉಳಿದವು

ಎಕ್ಸ್‌ನ ಟೈಮ್‌ಲೈನ್ ಬಾಕ್ಸ್ ಲಾಗೌಟ್ ಆದವರಿಗೆ ಖಾಲಿ ಬರುವುದು 2023ರಿಂದ ಇರುವ ತೊಂದರೆ. ನಿಮ್ಮ ಕೈಯಲ್ಲಿಲ್ಲ, ತೆಗೆದುಬಿಡಿ, ಬೇಕಾದರೆ ಒಂದೊಂದು ಪೋಸ್ಟ್ ಹಾಕಿ. ಫುಟರ್‌ನ ಐಕಾನ್‌ಗಳನ್ನು ಒಮ್ಮೆ ಒತ್ತಿ ನೋಡಿ. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಮುಚ್ಚಿತು, ಟಿಕ್‌ಟಾಕ್ ನಮ್ಮಲ್ಲಿ 2020ರ ಜೂನ್ 29ರಂದು ನಿಷೇಧವಾಯಿತು. ಎರಡರ ಐಕಾನ್‌ಗಳೂ ಹಳೇ ಥೀಮ್‌ಗಳಲ್ಲಿ ಇನ್ನೂ ಇವೆ. ಥೀಮ್ ಕಂಪನಿಯ ಸ್ವಂತ ಫೇಸ್‌ಬುಕ್ ಪೇಜ್‌ಗೇ ಹೋಗುವ ಐಕಾನ್‌ಗಳೂ ಸಿಗುತ್ತವೆ.

ಹೋಸ್ಟಿಂಗ್‌ನವರಿಗೆ ಬರೆಯುವಾಗ

ಇಷ್ಟಾದರೂ ಸಿಗದಿದ್ದರೆ ಸೈಟ್‌ನ ನಕಲು ಪ್ರತಿಯಲ್ಲಿ ಪ್ಲಗಿನ್‌ಗಳನ್ನು ಒಂದೊಂದಾಗಿ ಆಫ್ ಮಾಡಿ ನೋಡಿ. ನಿಜವಾದ ಸೈಟ್‌ನಲ್ಲಿ ಬೇಡ, ಅದೂ ಹಬ್ಬದ ವಾರದಲ್ಲಿ ಬೇಡವೇ ಬೇಡ. ತಪ್ಪು ಫೈರ್‌ವಾಲ್‌ನಲ್ಲಿದೆ ಅಂತ ತಿಳಿದರೆ ಹೋಸ್ಟಿಂಗ್‌ನವರೇ ಸರಿಮಾಡಬೇಕು. ಅವರಿಗೆ "ಫೇಸ್‌ಬುಕ್ ಬರ್ತಿಲ್ಲ" ಅಂತ ಬರೆದರೆ ಕ್ಯಾಶೆ ಖಾಲಿ ಮಾಡಿ ಅನ್ನುವ ಉತ್ತರ ಬರುತ್ತದೆ. ಅದರ ಬದಲು ಪುಟದ ಪೂರ್ತಿ ವಿಳಾಸ, ಶೇರಿಂಗ್ ಡೀಬಗರ್ ತೋರಿಸಿದ 403ರ ಸ್ಕ್ರೀನ್‌ಶಾಟ್, ಪರೀಕ್ಷೆ ಮಾಡಿದ ದಿನ ಮತ್ತು ಗಂಟೆ, ಇವಿಷ್ಟು ಹಾಕಿ. 'ಫೇಸ್‌ಬುಕ್ ಎಕ್ಸ್‌ಟರ್ನಲ್ ಹಿಟ್' (facebookexternalhit) ಅನ್ನುವ ಯೂಸರ್ ಏಜೆಂಟ್ ಹೆಸರು, ಅಂದರೆ ಫೇಸ್‌ಬುಕ್ ಬಾಟ್ ಸರ್ವರ್‌ಗೆ ಹೇಳುವ ತನ್ನ ಹೆಸರು, ಹೇಳಿ, ಆ ಗಂಟೆಯ ಲಾಗ್‌ನಲ್ಲಿ ಅದನ್ನು ಯಾವ ನಿಯಮ ತಡೆಯಿತು ಅಂತ ನೋಡಿ ತಿಳಿಸಲು ಕೇಳಿ. ನಿಯಮದ ನಂಬರ್ ಕೊಟ್ಟರೆ ಅದನ್ನು ನಿಮ್ಮ ಸೈಟ್‌ಗೆ ಮಾತ್ರ ಸಡಿಲಿಸಲು ಹೇಳಿ. ಇಡೀ ಫೈರ್‌ವಾಲ್ ಆಫ್ ಮಾಡ್ತೀವಿ ಅಂದರೆ ಒಪ್ಪಬೇಡಿ. ಅವರು ಸರಿಮಾಡಿದೆವು ಅಂದ ಮೇಲೆ ಡೀಬಗರ್‌ನಲ್ಲಿ 'ಸ್ಕ್ರೇಪ್ ಅಗೇನ್' ಒತ್ತಿ, 200 ಬರುವ ತನಕ ಆ ಟಿಕೆಟ್ ಮುಚ್ಚಲು ಬಿಡಬೇಡಿ.